ಗೊರಸಿಲ್ಲದ ನಾಡಿನ ಪ್ರಾಣಿಗಳು

ನಮ್ಮ ಓಣಿಗೆ ರದ್ದಿಯವನು ಬಂದ ದಿನ ಯಜಮಾನರಿಗೆ ನನ್ನ ಮೇಲೆ ಸಿಟ್ಟು ಬರುತ್ತದೆ. ಅವನ ತಕ್ಕಡಿ ಅಂಗಳದಲ್ಲಿ ಕಾಯುತ್ತಿರುತ್ತದೆ. ನಾನು ಕಟ್ಟೆಯ ಮೇಲೆ ಕುಳಿತು ಒಂದೊಂದೇ ಕಾಗದ ಬಿಡಿಸಿ, ಹಿಂದೆ ಮುಂದೆ ನೋಡಿ, ಕೊಡವಿ, ಆಮೇಲೆ ಅವನ ಕಡೆ ತಳ್ಳುತ್ತೇನೆ.

"ಅಕ್ಕಾರ, ಅದರಾಗ ಬಂಗಾರ ಇಟ್ಟೀರೇನು?" ಎಂದು ಅವನು ಕೇಳುತ್ತಾನೆ.

ಇಲ್ಲಪ್ಪ ಎನ್ನುತ್ತೇನೆ. ಏನು ಹುಡುಕುತ್ತೇನೆಂದು ಮಾತ್ರ ಹೇಳುವುದಿಲ್ಲ. ನಿಮಗೆ ಹೇಳಬಹುದು. ನೀವು ನಾಳೆ ನನ್ನ ಖಾನಾವಳಿಗೆ ಉಣ್ಣಲು ಬಂದು, ರೊಟ್ಟಿ ಮುರಿಯುತ್ತ, ನನ್ನ ಮುಖವನ್ನು ಒಂದು ನಮೂನೆ ನೋಡುವವರಲ್ಲ ಎಂದು ನಂಬಿದ್ದೇನೆ. ಪೂರ್ತಿ ನಂಬಿಲ್ಲ. ಯಾರನ್ನೂ ಪೂರ್ತಿ ನಂಬುವ ಅಭ್ಯಾಸ ನನಗಿಲ್ಲ.

ಸಂಶಯ ನನಗೆ ಹುಟ್ಟಿನಿಂದಲೇ ಬಂದದ್ದು. ಮದುವೆಮನೆಯಲ್ಲಿ ಲಡ್ಡು ಬಡಿಸಿದರೆ ಎಲ್ಲರೂ ತಿನ್ನುತ್ತಾರೆ, ನಾನು ಒಡೆದು ಒಳಗೆ ನೋಡುತ್ತೇನೆ. ಯಜಮಾನರು ನನ್ನನ್ನು ನೋಡಲು ಬಂದ ದಿನ ಹುಡುಗಿಯರು ಅವರ ಮುಖವನ್ನು ಕಿಟಕಿಯಿಂದ ಇಣುಕಿದರು. ನಾನು ಹೊಸ್ತಿಲ ಹೊರಗೆ ಬಿಟ್ಟಿದ್ದ ಚಪ್ಪಲಿಯನ್ನು ನೋಡಿದೆ. ಕಾಲಿಗಿಂತ ಒಂದು ಬೆರಳು ದೊಡ್ಡದಿತ್ತು. ಕಡ ತಂದದ್ದಿರಬೇಕು ಎಂದೆ. ಕಡ ತಂದದ್ದೇ ಆಗಿತ್ತು. ಒಮ್ಮೊಮ್ಮೆ ಸಂಶಯ ನಿಜವಾಗಿಬಿಡುವುದೇ ದೊಡ್ಡ ತೊಂದರೆ. ಹಾಗೆ ಆಗದಿದ್ದರೆ ನಾನು ಎಂದೋ ಈ ಚಟ ಬಿಡುತ್ತಿದ್ದೆನೇನೋ.

ನನ್ನ ತಮ್ಮ ಶಿವಾನಂದ ನನಗಿಂತ ಹನ್ನೊಂದು ವರ್ಷ ಚಿಕ್ಕವನು. ಅವನು ಹುಟ್ಟಿದ ವರ್ಷ ನಾನು ಐದನೆಯ ಇಯತ್ತೆ ಮುಗಿಸಿದ್ದೆ. ಅವ್ವ ಗದಗಿನಲ್ಲಿ ಹತ್ತಿಯ ಕಾಳು ಬಿಡಿಸುವ ಜಿನ್ನಿಗೆ ಕೆಲಸಕ್ಕೆ ಹೋಗಬೇಕಿತ್ತು, ಕೂಸಿಗಾಗಿ ನಾನು ಶಾಲೆ ಬಿಟ್ಟೆ. ನನಗೆ ಶಾಲೆ ಅಷ್ಟಕ್ಕಷ್ಟೆ ಇತ್ತು, ಆದ್ದರಿಂದ ತ್ಯಾಗ ಗೀಗ ಎಂದು ತಿಳಿಯಬೇಡಿ. ಶಿವುವನ್ನು ಟೊಂಕದ ಮೇಲೆ ಹೊತ್ತು ಓಣಿ ತಿರುಗುತ್ತಿದ್ದೆ. ಅವನು ನಡೆಯಲು ಕಲಿತ ಮೇಲೆ ಸದಾ ಜಿನ್ನಿನ ಕಡೆಗೇ ಓಡುವನು. ಹೆದರಿಸಬೇಕಲ್ಲ, ಅಲ್ಲಿ ಒಂದು ಪ್ರಾಣಿ ಇದೆ ಎಂದೆ. ಹತ್ತಿ ತಿಂದು ಬದುಕುತ್ತದೆ, ಮೈಯೆಲ್ಲ ಬೆಳ್ಳಗೆ, ರಾಶಿಯಲ್ಲಿ ಮಲಗಿದರೆ ಕಾಣುವುದೇ ಇಲ್ಲ.

ಬೇರೆ ಮಕ್ಕಳಾಗಿದ್ದರೆ ಅತ್ತು ಸೆರಗಿನಲ್ಲಿ ಅಡಗುತ್ತಿದ್ದವು. ಇವನು ಕೇಳಿದ್ದು, "ಅದರ ಹಲ್ಲು ಹೆಂಗ ಇರ್ತಾವ? ಹತ್ತಿಕಾಳು ಗಟ್ಟಿ ಇರ್ತೈತಲ್ಲ, ಹೆಂಗ ಕಡೀತೈತಿ?"

ನಾನು ಹೆದರಿಸಲು ಹುಟ್ಟಿಸಿದ ಪ್ರಾಣಿಗೆ ಅವನು ಹಲ್ಲು ಕೊಟ್ಟ, ಮರಿ ಕೊಟ್ಟ, ಮಳೆಗಾಲದಲ್ಲಿ ಜಿನ್ನು ಬಂದಾದಾಗ ಎಲ್ಲಿಗೆ ಹೋಗುತ್ತದೆ ಎಂಬ ಚಿಂತೆಯನ್ನೂ ಕೊಟ್ಟ. ಕೊನೆಗೆ ಅದು ಉಪವಾಸ ಇರಬಾರದೆಂದು ರೊಟ್ಟಿಯ ಚೂರು ಒಯ್ದು ಗೋಡೆಯ ತೂತಿನಲ್ಲಿ ಇಟ್ಟು ಬರುತ್ತಿದ್ದ.

ಅಂಥವನು ಓದಿ ಎಂಜಿನಿಯರನಾದ. ಜರ್ಮನಿಯವರು ಕಂಪ್ಯೂಟರ್ ಕಲಿತವರನ್ನು ಗ್ರೀನ್ ಕಾರ್ಡ್ ಕೊಟ್ಟು ಕರೆಯುತ್ತಿದ್ದ ವರ್ಷಗಳವು. ಸ್ಟುಟ್‌ಗಾರ್ಟಿನಲ್ಲಿ ಕಾರಿನ ಬ್ರೇಕಿಗೆ ಸಾಫ್ಟ್‌ವೇರ್ ಬರೆಯುವ ಕೆಲಸ ಸಿಕ್ಕಿತು. ಎರಡನೆಯ ಚಳಿಗಾಲದಲ್ಲಿ ಮನೆಯ ಮುಂದೆಯೇ ಹಿಮದ ಮೇಲೆ ಜಾರಿ ಕಾಲು ಮುರಿದುಕೊಂಡ. ಮದುವೆಯಾಗಿರಲಿಲ್ಲ, ನೋಡಿಕೊಳ್ಳುವವರಿಲ್ಲ. ಖಾನಾವಳಿಯನ್ನು ಯಜಮಾನರಿಗೂ ಓರಗಿತ್ತಿಗೂ ಒಪ್ಪಿಸಿ, ಮೂರು ತಿಂಗಳ ವೀಸಾದ ಮೇಲೆ, ಹತ್ತು ಕಿಲೋ ಜೋಳದ ಹಿಟ್ಟಿನ ಸಮೇತ ನಾನು ಹೋದೆ.

ನನ್ನಂಥವಳನ್ನು ಜರ್ಮನಿಗೆ ಕಳಿಸಬಾರದು. ಬಸ್ಸು ಬರೆದಿಟ್ಟ ನಿಮಿಷಕ್ಕೇ ಬರುತ್ತಿತ್ತು. ಇದರಲ್ಲಿ ಏನೋ ಇದೆ ಎನಿಸಿತು. ಇಡೀ ಬೀದಿಯಲ್ಲಿ ಒಬ್ಬರೂ ಇನ್ನೊಬ್ಬರನ್ನು ಕೂಗಿ ಕರೆಯುತ್ತಿರಲಿಲ್ಲ. ಎಲ್ಲರೂ ಯಾರಿಂದಲೋ ಅಡಗಿ ಕುಳಿತಿದ್ದಾರೆಯೇ? ರಟ್ಟಿನ ಪೆಟ್ಟಿಗೆಯ ಹಾಲು ತಿಂಗಳಾದರೂ ಕೆಡುವುದಿಲ್ಲವೆಂದು ಶಿವು ಹೇಳಿದಾಗ, ಅದು ಆಕಳದ್ದೋ ಎಮ್ಮೆಯದ್ದೋ ಅಥವಾ ಇನ್ನಾವುದರದ್ದೋ ಎಂದು ಮೂರು ಸಲ ಮೂಸಿದೆ.

ಹೋದ ಮೂರನೆಯ ದಿನ ನಮ್ಮ ಬಾಗಿಲ ಹಿಡಿಕೆಗೆ ಯಾರೋ ಒಂದು ಹಲಗೆ ತೂಗುಹಾಕಿ ಹೋಗಿದ್ದರು. ಮೇಲೆ ಏನೋ ಬರಹ. ನಾನು ಅದನ್ನು ಮುಟ್ಟಲಿಲ್ಲ. ಒಳಗೆ ಹೋಗಿ ಉಪ್ಪು, ಮೆಣಸಿನಕಾಯಿ ಹಿಡಿದು ಶಿವುವಿಗೆ ಮೂರು ಸುತ್ತು ನಿವಾಳಿಸಿ ಒಲೆಗೆ ಹಾಕಲು ಹೋದೆ. ಒಲೆಯಲ್ಲಿ ಬೆಂಕಿಯೇ ಇಲ್ಲ, ಬರೀ ಕರೆಂಟು. ಮೆಣಸಿನಕಾಯಿ ತಟ್ಟೆಯ ಮೇಲೆ ಹೊಗೆಯಾಡಿ ಇಬ್ಬರೂ ಕೆಮ್ಮಿ ಕೆಮ್ಮಿ ಸಾಕಾದೆವು.

"ಅಕ್ಕಾ, ಅದು ಮಾಟ ಅಲ್ಲ," ಎಂದ ಶಿವು ಕಣ್ಣೊರೆಸಿಕೊಳ್ಳುತ್ತ. "ಕೇರ್‌ವೋಖೆ. ಈ ವಾರ ಮೆಟ್ಟಲಾ, ಅಂಗಳಾ ಗುಡಸೂದು ನಮ್ಮ ಪಾಳಿ ಅಂತ. ಬರೂ ವಾರ ಹಲಗಿ ಬಾಜೂದವರ ಬಾಗಲಕ್ಕ ಹಾಕಬೇಕು."

"ಹೇಳಿದ್ರ ಸಾಕಲ್ಲ, ತೂಗ ಯಾಕ ಹಾಕ್ತಾರ?"

"ಇಲ್ಲಿ ಎಲ್ಲಾ ಬರದ ಹೇಳ್ತಾರ."

ಹಿಮ ತೆಗೆಯುವುದೂ ಆ ಪಾಳಿಯಲ್ಲೇ ಸೇರಿತ್ತು. ಶಿವು ಬಿದ್ದ ದಿನ ಹಲಗೆ ಇದ್ದದ್ದು ಕೆಳಗಿನ ಮನೆಯ ಕೆಲ್ಲರ್ ಎಂಬ ಮುದುಕಿಯ ಬಾಗಿಲಲ್ಲಿ. ಅವರು ಹಿಮ ತೆಗೆಯುವುದನ್ನು ಮರೆತಿದ್ದರು. ಮನಸ್ಸಿಗೆ ಬಹಳ ಹಚ್ಚಿಕೊಂಡಿದ್ದಾರೆಂದು ಶಿವು ಹೇಳಿದ. ನಾನು ಅವರನ್ನು ಕೆಲ್ಲರಜ್ಜಿ ಎಂದು ಕರೆದೆ. ಎಂಬತ್ತರ ಹತ್ತಿರದ ವಯಸ್ಸು, ಕಡ್ಡಿಯಂತೆ ನೆಟ್ಟಗಿನ ಮೈ. ಮ್ಯೂಸಿಯಮ್ಮಿಗೆ ಪ್ರಾಣಿಗಳ ಎಲುಬಿನ ಚಿತ್ರ ಬರೆಯುವುದರಲ್ಲೇ ಜೀವಮಾನ ಕಳೆದವರು. ದಿನಾ ಮಧ್ಯಾಹ್ನ ಮೂರಕ್ಕೆ ಮೇಲೆ ಬಂದು ಶಿವುವಿನ ಹಾಸಿಗೆಯ ಪಕ್ಕ ಕೂರುವರು. ಕೈಯಲ್ಲಿ ಏನಾದರೊಂದು ತಿನಿಸು. ನಾನು ಮೊದಲು ಅದನ್ನು ಮೂಸುವೆ. ಕಾಲು ಮುರಿಸಿದವಳು ಕೇಕು ತಂದರೆ ಮೂಸದೆ ಇರಲಾದೀತೆ?

ಅವರಿಬ್ಬರ ನಡುವೆ ಒಂದು ನೀಲಿ ನೋಟ್‌ಬುಕ್ ಇತ್ತು. ಅಜ್ಜಿ ಬರೆಯುವರು, ಇವನು ತಿದ್ದುವನು. ಇವನು ಬರೆಯುವನು, ಅಜ್ಜಿ ಪೆನ್ಸಿಲಿನಿಂದ ಅವನು ಬರೆದ ಪ್ರಾಣಿಯ ಕಾಲನ್ನು ಹೊಡೆದುಹಾಕುವರು. ಇಬ್ಬರೂ ಜರ್ಮನ್‌ನಲ್ಲಿ ವಾದಿಸುವರು, ಹುಬ್ಬು ಗಂಟಿಕ್ಕುವರು, ಇದ್ದಕ್ಕಿದ್ದಂತೆ ನಗುವರು. ನಾನು ಅಡುಗೆಮನೆಯಿಂದ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕಿವಿಗೊಡುವೆ. ಅರ್ಥವಾಗದ ನಗೆ ಇದೆಯಲ್ಲ, ಅದು ಯಾವಾಗಲೂ ನಮ್ಮ ಬಗ್ಗೆಯೇ ಇರುತ್ತದೆ.

ಒಂದು ಶನಿವಾರ ಶಿವುವಿನ ಗೆಳೆಯ ಮಂಜು ಸಾಮಾನು ತಂದುಕೊಡಲು ಬಂದ. ಮೈಸೂರಿನವನು, ಅದೇ ಕಂಪನಿ. ಬಂದವನೇ ನೋಟ್‌ಬುಕ್ ಎತ್ತಿಕೊಂಡ.

"ಏನ್ ಮಗಾ ಇದು? ಹೆಗ್ಗಣಕ್ಕೆ ಕುದುರೆ ಜುಟ್ಟು ಬಿಟ್ಟಿದೀಯಾ?"

"ಹೆಗ್ಗಣ ಅದರ ಅಜ್ಜ ಗುರು," ಎಂದ ಶಿವು. "ಗೊರಸಿನ ಪ್ರಾಣಿ ಈ ಭೂಮಿ ಮ್ಯಾಲ ಹುಟ್ಟೇ ಇಲ್ಲ ಅಂತ ತಿಳ್ಕೊ. ಆಕಳಾ ಇಲ್ಲ, ಎಮ್ಮಿ, ಆಡು, ಕುದರಿ, ಚಿಗರಿ ಏನೂ ಇಲ್ಲ. ಹುಲ್ಲು ಮಾತ್ರ ಎದಿಮಟ ಬೆಳದೈತಿ. ಅದನ್ನ ಯಾರು ಮೇಯ್ತಾರ?"

"ನಮ್ ಮ್ಯಾನೇಜರು."

"ಚ್ಯಾಷ್ಟಿ ಬ್ಯಾಡ. ಜಾಗಾ ಖಾಲಿ ಇದ್ರ ಯಾವುದರ ಒಂದು ಬಂದ ಬರ್ತೈತಿ. ಮೊಲ ದೊಡ್ಡದಾಗಬಹುದು. ಹೆಗ್ಗಣ ಆಗಬಹುದು. ನಮ್ಮ ಎರಿ ಹೊಲದಾಗ ಎರೆಭೂತ ಅಂತ ದೊಡ್ಡ ಹಕ್ಕಿ ಓಡ್ತಿತ್ತಲ್ಲ, ಅದು ಎತ್ತಿನಷ್ಟ ಬೆಳದು, ನುಂಗಿದ ಕಲ್ಲಿನಿಂದ ಹೊಟ್ಟಿಯೊಳಗ ಜ್ವಾಳದ ದಂಟು ಅರಕೋಬಹುದು. ಆದ್ರ ಪ್ರತಿ ಪ್ರಾಣಿಗೂ ಖರೇ ಇದ್ದ ಒಬ್ಬ ಅಜ್ಜ ಬೇಕು. ಸುಮ್ಮ ಸುಮ್ಮನ ರೆಕ್ಕಿ ಹಚ್ಚಂಗಿಲ್ಲ. ಹಲ್ಲು ಹೆಂಗ, ಸಗಣಿ ಹೆಂಗ, ಅದನ್ನ ತಿನ್ನಾವ ಯಾರು, ಎಲ್ಲಾ ಹೇಳಬೇಕು. ಅಜ್ಜಿ ಬಿಡೂದಿಲ್ಲ."

"ಕಾಲ್ ಮುರ್ಕೊಂಡು ತಲೆ ಕೆಟ್ಟಿದೆ ಅಕ್ಕ ಇವನಿಗೆ," ಎಂದ ಮಂಜು ನನ್ನ ಕಡೆ ತಿರುಗಿ. "ಊರಿಗೆ ಕರ್ಕೊಂಡ್ ಹೋಗಿ."

ಅವನು ತಮಾಷೆಗೆ ಅಂದ. ನಾನು ಗಂಟುಕಟ್ಟಿ ಇಟ್ಟುಕೊಂಡೆ. ಜಿನ್ನಿನ ಬಿಳಿ ಪ್ರಾಣಿಗೆ ಹಲ್ಲು ಕೇಳಿದ್ದ ಕೂಸೇ ಇಲ್ಲಿ ಹಾಸಿಗೆಯ ಮೇಲೆ ಕುಳಿತಿದೆ ಎಂದು ಆಗಲೇ ಹೊಳೆಯಬೇಕಿತ್ತು. ಹೊಳೆದದ್ದು ಬೇರೆ: ಈ ಮುದುಕಿ ನನ್ನ ತಮ್ಮನ ಬುದ್ಧಿಯನ್ನು ಎಲ್ಲಿಗೋ ಒಯ್ಯುತ್ತಿದ್ದಾಳೆ.

ಮರುವಾರ ಶಿವು ಸ್ನಾನಕ್ಕೆ ಹೋದಾಗ ನೋಟ್‌ಬುಕ್ ತೆರೆದೆ. ಪುಟಪುಟಕ್ಕೂ ಹುಲ್ಲು ಮೇಯುವ ವಿಚಿತ್ರಗಳು. ಸಿಟ್ಟಿನಲ್ಲೂ ಒಂದು ಮಾತು ಹೇಳಲೇಬೇಕು: ಅವು ಸುಳ್ಳಿನಂತೆ ಕಾಣುತ್ತಿರಲಿಲ್ಲ. ಅವುಗಳ ಮೊಣಕಾಲಿಗೆ ಹತ್ತಿದ ಕೆಸರು ಕೂಡ ನನಗೆ ಗೊತ್ತಿದ್ದ ಕೆಸರು. ಕೊನೆಯ ಪುಟಕ್ಕೆ ಬಂದೆ. ಅಗಲ ಟೊಂಕದ, ಮೊಲದಂಥ ಒಂದು ಪ್ರಾಣಿ ಹಿಂಗಾಲ ಮೇಲೆ ನಿಂತಿತ್ತು. ಒಂದು ಕಿವಿ ಮುಂದೆ, ಒಂದು ಕಿವಿ ಹಿಂದೆ. ಕೈಯಲ್ಲಿ ಒಂದು ಎಲೆ, ತಿನ್ನುತ್ತಿರಲಿಲ್ಲ, ಮೂಸುತ್ತಿತ್ತು. ಮೂಗಿನ ಎಡ ಹೊಳ್ಳೆಯ ಮೇಲೆ ಒಂದು ಬಿಳಿ ಚುಕ್ಕೆ. ಕೆಳಗೆಲ್ಲ ಜರ್ಮನ್ ಬರಹ, ನಡುವೆ ಒಂದೇ ಒಂದು ಕನ್ನಡ ಪದ, ತಮ್ಮನ ಕೈಬರಹದಲ್ಲಿ: ಅಕ್ಕ.

ನನ್ನ ಕೈ ತಾನಾಗಿ ಮೂಗುತಿಗೆ ಹೋಯಿತು.

ಇಷ್ಟು ದಿನದ ನಗೆಗೆಲ್ಲ ಅರ್ಥ ಸಿಕ್ಕಿತು ಎಂದುಕೊಂಡೆ. ಯಾರನ್ನು ಟೊಂಕದ ಮೇಲೆ ಹೊತ್ತು ತಿರುಗಿದೆನೋ ಅವನೇ ನನ್ನ ಟೊಂಕವನ್ನು ಪರದೇಶದ ಮುದುಕಿಗೆ ತೋರಿಸಿ ನಗುತ್ತಿದ್ದಾನೆ.

ಅಂದು ಹಲಗೆ ನಮ್ಮ ಬಾಗಿಲಿಗಿತ್ತು. ಹಳೆ ಕಾಗದ ಒಯ್ಯುವ ದಿನವೂ ಅದೇ. ತಿಂಗಳಿಗೊಮ್ಮೆ ಎಲ್ಲರೂ ಹಳೆಯ ಪತ್ರಿಕೆ, ಜಾಹೀರಾತಿನ ಕಾಗದಗಳನ್ನು ದಾರದಿಂದ ಕಟ್ಟಿ ಬೀದಿ ಬದಿಗೆ ಇಡುತ್ತಿದ್ದರು. ನಾನು ನೋಟ್‌ಬುಕ್ಕನ್ನು ಕಾಗದದ ನಡುವೆ ಇಟ್ಟು, ದಾರ ಬಿಗಿದು, ಮೆಟ್ಟಿಲು ಗುಡಿಸಲು ಹೋಗುತ್ತ ಕೆಳಗೆ ಇಟ್ಟುಬಂದೆ.

ಈಗ ನೀವು ನಂಬುವುದು ಕಷ್ಟ, ಆದರೂ ಹೇಳುತ್ತೇನೆ: ಅದನ್ನು ನಾಶ ಮಾಡುವ ಮನಸ್ಸು ನನಗಿರಲಿಲ್ಲ. ನಮ್ಮಲ್ಲಿ ರದ್ದಿಗೆ ಹಾಕಿದ್ದು ಎಲ್ಲಿ ಹೋಗುತ್ತದೆ? ರದ್ದಿಯಂಗಡಿಗೆ. ವಾರ ಬಿಟ್ಟು ಹೋದರೂ ಮೂಲೆಯಲ್ಲಿ ಬಿದ್ದಿರುತ್ತದೆ. ತಪ್ಪಿದರೆ ಶೇಂಗಾದ ಪೊಟ್ಟಣವಾಗಿಯಾದರೂ ಓಣಿಗೆ ತಿರುಗಿ ಬರುತ್ತದೆ. ನಾಲ್ಕು ದಿನ ಹುಡುಕಾಡಲಿ, ಆಮೇಲೆ ಅಂಗಡಿ ಎಲ್ಲಿದೆ ಎಂದು ಕೇಳಿ ತಂದುಕೊಟ್ಟರಾಯಿತು ಎಂಬುದು ನನ್ನ ಲೆಕ್ಕ. ಗುಡಿಸಿ ಮುಗಿಯುವ ಮೊದಲೇ ಲಾರಿ ಬಂತು. ಅದರ ಹಿಂಬದಿಗೆ ಒಂದು ಬಾಯಿ ಇತ್ತು. ಇಬ್ಬರು ಕಟ್ಟುಗಳನ್ನು ಎಸೆದರು. ಕಬ್ಬಿಣದ ದವಡೆ ಇಳಿದು ಎಲ್ಲವನ್ನೂ ಅಮುಕಿ ಒಳಗೆ ಎಳೆದುಕೊಂಡಿತು. ನಾನು ಕಸಬರಿಗೆ ಹಿಡಿದು ನಿಂತಿದ್ದೆ. ಓಡಲಿಲ್ಲ, ಕೂಗಲೂ ಇಲ್ಲ. ಯಾವ ಭಾಷೆಯಲ್ಲಿ ಕೂಗುವುದು ಎಂದು ಯೋಚಿಸುತ್ತಿರುವಾಗಲೇ ಲಾರಿ ತಿರುವು ದಾಟಿತು.

"ಅಕ್ಕಾ, ನೋಟ್‌ಬುಕ್ ನೋಡಿಯೇನು?" ಎಂದು ಶಿವು ಕೇಳಿದ.

"ನಾ ಯಾಕ ನೋಡ್ಲಿ? ನಿನ್ನ ಮುದುಕಿ ಒಯ್ದಿರಬೇಕು ನೋಡು."

ಬಾಯಿಂದ ಬಂದೇಬಿಟ್ಟಿತು. ಬಣ್ಣ ತುಂಬಲು ಅಜ್ಜಿ ಅದನ್ನು ಆಗಾಗ ಕೆಳಗೆ ಒಯ್ಯುವುದಿತ್ತು, ಹಾಗಾಗಿ ಸುಳ್ಳಿಗೆ ಕಾಲು ಬಂದವು. ಮೂರು ಗಂಟೆಗೆ ಅಜ್ಜಿ ಬಂದಾಗ ಶಿವು ಕೇಳಿದ. ಅವರು ಇಲ್ಲವೆಂದು ತಲೆಯಾಡಿಸಿದರು. ಆಮೇಲೆ ಆ ತಲೆ ಅರ್ಧಕ್ಕೇ ನಿಂತಿತು. ಹಣೆಗೆ ಎರಡು ಬೆರಳು ಒತ್ತಿಕೊಂಡು ಏನೋ ಲೆಕ್ಕ ಹಾಕುವಂತೆ ಕುಳಿತರು. ಅವರು ನನ್ನ ಮೇಲೆ ಸಂಶಯಪಟ್ಟಿದ್ದರೆ ನಾನು ಜಗಳಕ್ಕೆ ಸಿದ್ಧಳಿದ್ದೆ. ಅವರು ಸಂಶಯಪಟ್ಟದ್ದು ತಮ್ಮ ಮೇಲೆಯೇ.

ಆ ವಾರವೆಲ್ಲ ಕೆಳಗಿನ ಮನೆಯಲ್ಲಿ ಕಪಾಟು ತೆಗೆಯುವ, ಖುರ್ಚಿ ಎಳೆಯುವ ಸಪ್ಪಳ. ಮಧ್ಯಾಹ್ನ ಬರುವುದು ನಿಂತಿತು. ನಾನು ಪಲ್ಯ ಕೊಡುವ ನೆಪದಲ್ಲಿ ಒಮ್ಮೆ ಹೋದೆ. ಕಪಾಟು, ಡ್ರಾಯರು, ಅಡುಗೆಮನೆಯ ಡಬ್ಬಿ, ಎಲ್ಲದರ ಮೇಲೂ ಹಳದಿ ಚೀಟಿ ಅಂಟಿಸಿ ಒಳಗೆ ಏನಿದೆಯೆಂದು ಬರೆದಿದ್ದರು. ಬಾಗಿಲ ಹಿಂದೆ ಕೂಡ ಒಂದು. ಅಷ್ಟು ಚಂದದ ಅಕ್ಷರ. ಮೇಜಿನ ಮೇಲಿನ ಪೆನ್ಸಿಲುಗಳಿಗೆಲ್ಲ ಟೋಪಿ ಹಾಕಿತ್ತು.

"ಹಿಮ ಮರ್ತೆ, ಈಗ ಪುಸ್ತಕ ಕಳದೆ, ಇನ್ನ ಒಬ್ಬಾಕೀನ ಇರೂದು ಆಗೂದಿಲ್ಲ ಅಂತಾಳ," ಎಂದ ಶಿವು. "ಮುದುಕರ ಆಶ್ರಮಕ್ಕ ಅರ್ಜಿ ಹಾಕ್ತೀನಿ ಅಂದ್ಲು. ಇನ್ನ ಚಿತ್ರಾ ಬರಿಯೂದಿಲ್ಲಂತ."

ಆಗಲೂ ನಾನು ಬಾಯಿಬಿಡಲಿಲ್ಲ. ಇದನ್ನೇ ನಾನು ನಿಮಗೆ ಹೇಳಬೇಕೆಂದು ಕುಳಿತದ್ದು. ನೋಟ್‌ಬುಕ್ ಕಟ್ಟಿದ್ದು ಸಿಟ್ಟಿನ ಕೆಲಸ, ಒಂದು ಗಳಿಗೆಯದು. ಆದರೆ ಮೂರು ವಾರ, ದಿನಕ್ಕೆ ಮೂರು ಹೊತ್ತು, ಆ ಕಪಾಟಿನ ಸಪ್ಪಳ ಕೇಳುತ್ತ ರೊಟ್ಟಿ ಬಡಿದೆನಲ್ಲ, ಅದಕ್ಕೆ ಯಾವ ಸಿಟ್ಟಿನ ನೆಪವೂ ಇಲ್ಲ. ಸಪ್ಪಳ ಕೇಳದಿರಲೆಂದು ರೊಟ್ಟಿಯನ್ನು ಜೋರಾಗಿ ಬಡಿಯುತ್ತಿದ್ದೆ, ಅಷ್ಟೆ.

ಶಿವುವಿನ ಕಾಲಿನ ಪ್ಲಾಸ್ಟರ್ ತೆಗೆದರು. ನಾನು ಹೊರಡಲು ಎರಡು ದಿನ ಉಳಿದಿತ್ತು. ಬೆಳಗಿನ ಚಹಾ ಕುಡಿಯುವಾಗ ಹೇಳಿಬಿಟ್ಟೆ.

"ಶಿವು, ನೋಟ್‌ಬುಕ್ ರದ್ದಿಯೊಳಗ ಕಟ್ಟಿ ಇಟ್ಟಾಕಿ ನಾನ."

ಅವನು ಕಪ್ಪು ಕೆಳಗಿಟ್ಟ. "ಯಾಕ?"

"ಅದರಾಗ ನನ್ನ ಚಿತ್ರಾ ಬರದಿದ್ದಿ."

"ಬರದಾಕಿ ಅಜ್ಜಿ. ಹೆಸರು ಇಟ್ಟಾಂವ ನಾ."

"ನಗಾಕ?"

"ನಗಾಕೂ ಹೌದು. ನಗೂ ಹಂಗ ಇದ್ದಿ ನೀ, ಕೇಕ್ ಮೂಸಿಗೋಂತ." ಅವನ ದನಿ ಒರಟಾಗಿತ್ತು. "ಆ ಹುಲ್ಲಿನಾಗ ವಿಷದ ಎಲಿ ಇರ್ತಿದ್ವು. ಮೂಸಿ ನೋಡೂದು ಅದೊಂದ ಪ್ರಾಣಿ. ಉಳದವು ಅದರ ಬೆನ್ನ ಹಿಂದ ಮೇಯ್ತಿದ್ವು. ಅದಿಲ್ಲಂದ್ರ ಆ ನಾಡು ಹತ್ತು ವರ್ಷಾ ಬಾಳ್ತಿರಲಿಲ್ಲ ಅಂತ ಕೆಳಗ ಬರದಿತ್ತು. ಕೇಳಿದ್ರ ಓದಿ ಹೇಳ್ತಿದ್ನಲ್ಲ ಅಕ್ಕಾ."

ಬಯ್ದಿದ್ದರೆ ಚೆನ್ನಾಗಿತ್ತು. ನಾನು ಸೆರಗು ಸರಿಮಾಡಿಕೊಂಡು ಎದ್ದೆ. "ನಡಿ, ಅಜ್ಜಿ ಮುಂದ ಹೇಳೂನು. ನಾ ಹೇಳ್ತೀನಿ, ನೀ ಜರ್ಮನ್‌ದಾಗ ಹೇಳು."

ಹೋದೆವು. ನಾನು ಎಲ್ಲ ಹೇಳಿದೆ, ಅಳುತ್ತ, ತಡವರಿಸುತ್ತ, ಲಾರಿಯ ದವಡೆಯವರೆಗೆ. ನನ್ನ ಮಾತು ಒಂದು ಗೋಣಿಚೀಲದಷ್ಟಿತ್ತು. ಶಿವು ಜರ್ಮನ್‌ನಲ್ಲಿ ಹೇಳಿದ್ದು ಒಂದು ಹಿಡಿ. ಅಜ್ಜಿ ನನ್ನ ಕೆನ್ನೆ ತಟ್ಟಿದರು. ನಕ್ಕರು. ಆಮೇಲೆ ಏನೋ ನೆನಪಾದವರಂತೆ ಎದ್ದು, ಗೋಡೆಯ ಬದಿಯ ಕೆಳಗಿನ ಡ್ರಾಯರ್ ಎಳೆದು, ಒಳಗೆ ಕೈಯಾಡಿಸಿ ಮುಚ್ಚಿದರು. ಕಳೆದದ್ದು ಎಲ್ಲಿ ಹೋಯಿತೆಂದು ತಿಳಿದವರು ಯಾರಾದರೂ ಹುಡುಕುತ್ತಾರೆಯೇ?

ಮೆಟ್ಟಿಲಲ್ಲಿ ಅವನ ತೋಳು ಹಿಡಿದೆ. "ಏನಂತ ಹೇಳಿದಿ?"

"ಹೇಳಿದೆ."

"ಏನಂತ?"

"ನೀ ಊರಿಗೆ ಹೊಂಟೀದಿ, ಅಕೀ ಮಾಡಿದ ಉಪಕಾರಕ್ಕ ಶರಣು ಹೇಳಾಕ ಬಂದೀದಿ ಅಂತ." ಅವನು ನನ್ನ ಮುಖ ನೋಡಲಿಲ್ಲ. "ಅಕೀ ಮುಂದ ನನ್ನ ಅಕ್ಕ ಕಳ್ಳಿ ಆಗೂದು ನನಗ ಬ್ಯಾಡ."

"ಅಕೀ ತಲಿ ಕೆಟ್ಟಾಕಿ ಆಗಿ ಕುಂತಾಳಲ್ಲೋ, ಅದು ನಿನಗ ಬೇಕೇನು?"

ಅವನು ಕುಂಟುತ್ತ ಮೇಲೆ ಹತ್ತಿಹೋದ.

ಮರುದಿನ ಬೆಳಿಗ್ಗೆ ಅವನು ಆಫೀಸಿಗೆ ಹೊರಟ ಮೇಲೆ ನಾನು ಜಾಹೀರಾತಿನ ಕಾಗದ, ದಾರ, ಅವನದೊಂದು ಖಾಲಿ ನೋಟ್‌ಬುಕ್ ತೆಗೆದುಕೊಂಡೆ. ಮೊದಲ ಪುಟದಲ್ಲಿ ಪೆನ್ನಿನಿಂದ ಚಿತ್ರ ಬರೆದೆ: ಅಗಲ ಟೊಂಕ, ಎರಡು ಕಿವಿ, ಮೂಗಿನ ಮೇಲೆ ಚುಕ್ಕೆ. ಐದನೆಯ ಇಯತ್ತೆಯಲ್ಲಿ ಕೂಡ ಇದಕ್ಕಿಂತ ಚೆನ್ನಾಗಿ ಬರೆಯುತ್ತಿದ್ದೆ. ಕೆಳಗೆ ಹೋಗಿ ಗಂಟೆ ಒತ್ತಿದೆ.

ಅಜ್ಜಿಯನ್ನು ಖುರ್ಚಿಯಲ್ಲಿ ಕೂರಿಸಿ, ಚಿತ್ರ ತೋರಿಸಿ, ನನ್ನ ಮೂಗುತಿ ತೋರಿಸಿದೆ. ಅವರಿಗೆ ನಗೆ ಬಂತು. ನೋಟ್‌ಬುಕ್ಕನ್ನು ಕಾಗದಗಳ ನಡುವೆ ಇಟ್ಟೆ. ಮೇಲೆ ಇನ್ನಷ್ಟು ಕಾಗದ ಹಾಕಿದೆ. ದಾರ ಬಿಗಿದೆ. ಕಟ್ಟನ್ನು ಎತ್ತಿಕೊಂಡು ಕಿಟಕಿಗೆ ಹೋಗಿ ಬೀದಿಯ ಬದಿ ತೋರಿಸಿದೆ. ಎರಡು ಕೈಗಳನ್ನು ದವಡೆ ಮಾಡಿ ಮುಚ್ಚಿದೆ. ಅಜ್ಜಿಯ ನಗೆ ನಿಂತಿತು. ಅವರು ಬೆರಳನ್ನು ನನ್ನ ಕಡೆ ಚಾಚಿ ಒಂದೇ ಶಬ್ದದಲ್ಲಿ ಏನೋ ಕೇಳಿದರು. ನಾನು ನಮ್ಮ ರೀತಿಯಲ್ಲಿ ತಲೆಯಾಡಿಸಿದೆ. ಹೌದೋ ಅಲ್ಲವೋ ಅವರಿಗೆ ತಿಳಿಯಲಿಲ್ಲ. ಎದೆಯ ಮೇಲೆ ಕೈಯಿಟ್ಟು, ನನಗೆ ಬರುತ್ತಿದ್ದ ನಾಲ್ಕು ಜರ್ಮನ್ ಮಾತುಗಳಲ್ಲಿ ಒಂದನ್ನು ಹೇಳಿದೆ. "ಯಾ."

ಅವರ ಮುಖ ಕೆಂಪಾಯಿತು. ಎದ್ದು ನಿಂತು ಬಯ್ದರು. ಆ ದನಿ ಅಷ್ಟು ಚಿಕ್ಕ ಎದೆಯಲ್ಲಿ ಎಲ್ಲಿತ್ತೋ. ನನಗೆ ಒಂದು ಶಬ್ದವೂ ತಿಳಿಯಲಿಲ್ಲ, ಒಂದನ್ನೂ ನಾನು ಸಂಶಯಪಡಲಿಲ್ಲ. ಕೆನ್ನೆ ಬಡಿದುಕೊಂಡೆ. ಅವರಿಗೆ ಅದರ ಅರ್ಥ ಗೊತ್ತಿರಲಿಲ್ಲ, ಗೊತ್ತಿದ್ದರೂ ಬೇಕಿರಲಿಲ್ಲ. ಬಾಗಿಲು ತೆರೆದು ಹೊರಗೆ ಕೈ ತೋರಿಸಿದರು. ಮರುದಿನ ನಾನು ಊರಿಗೆ ಹೊರಟಾಗಲೂ ಅವರು ಹೊರಗೆ ಬರಲಿಲ್ಲ.

ಆದರೆ ಆ ಬೆಳಿಗ್ಗೆ ನಾನು ಮೇಲೆ ಹತ್ತಿಹೋಗದೆ ಮೆಟ್ಟಿಲಲ್ಲೇ ಕುಳಿತೆ. ಒಳಗಿನಿಂದ ಚರ್ ಎಂದು ಒಂದು ಚೀಟಿ ಕಿತ್ತ ಸಪ್ಪಳ. ಅಜ್ಜಿ ಏನೋ ಒಂದು ಸಾಮಾನಿನ ಹೆಸರು ಗಟ್ಟಿಯಾಗಿ ಹೇಳಿದರು, ಡ್ರಾಯರ್ ಎಳೆದು ನೋಡಿದರು, ಧಡ್ ಎಂದು ಮುಚ್ಚಿದರು. ಮತ್ತೆ ಚರ್ ಎಂದು ಇನ್ನೊಂದು, ಇನ್ನೊಂದು ಹೆಸರು, ಧಡ್. ಪರೀಕ್ಷೆಗೆ ಕುಳಿತವರಂತೆ ಒಂದೊಂದನ್ನೇ ಹೇಳಿ, ತೆಗೆದು, ಸರಿಯಿದೆ ಎಂದು ಖಾತ್ರಿ ಮಾಡಿಕೊಳ್ಳುತ್ತಿದ್ದರು. ಪ್ರತಿ ಸಲವೂ ದನಿ ಸ್ವಲ್ಪ ಏರುತ್ತಿತ್ತು.